ಅಪರಿಚಿತ ಹೊಳೆಯಲ್ಲಿ ಹೆಮಿಂಗ್ವೇ

ಅರ್ನೆಸ್ಟ್ ಹೆಮಿಂಗ್ವೇ ಎಂದೊಡನೆ ಓದುಗರ ಕಣ್ಣೆದುರು ನಿಲ್ಲುವುದು ನಡುಗಡಲಿನಲ್ಲಿ ಭಾರೀ ಮೀನಿನೊಡನೆ ಸೆಣಸುವ ಮುದುಕ. 1952ರಲ್ಲಿ ಬಂದ ಆ ಪುಟ್ಟ ಕಾದಂಬರಿ, 1954ರ ನೊಬೆಲ್ ಪ್ರಶಸ್ತಿ, ಮಾರ್ಲಿನ್ ಮೀನುಗಳ ಪಕ್ಕದಲ್ಲಿ ನಿಂತ ಛಾಯಾಚಿತ್ರಗಳು ಆತನನ್ನು ಕಡಲಿನ ಮನುಷ್ಯನನ್ನಾಗಿಸಿವೆ. ಆದರೆ ಆ ಬದುಕನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ್ದು ಕಡಲಲ್ಲ, ತಣ್ಣೀರಿನ ಒಂದು ಹೊಳೆ.

1899ರ ಜುಲೈ 21ರಂದು ಶಿಕಾಗೋ ಬಳಿಯ ಓಕ್ ಪಾರ್ಕ್‌ನಲ್ಲಿ ಹುಟ್ಟಿದ ಹೆಮಿಂಗ್ವೇಗೆ ಗಾಳ ಹಾಕಲು ಕಲಿಸಿದವನು ವೈದ್ಯನಾಗಿದ್ದ ತಂದೆ. ಬಾಲ್ಯದ ಬೇಸಿಗೆಗಳೆಲ್ಲ ಕಳೆದದ್ದು ಉತ್ತರ ಮಿಶಿಗನ್‌ನ ವಾಲೂನ್ ಸರೋವರದ ದಡದಲ್ಲಿ. 1918ರಲ್ಲಿ ಆತ ರೆಡ್ ಕ್ರಾಸ್ ಆಂಬುಲೆನ್ಸ್ ಚಾಲಕನಾಗಿ ಇಟಲಿಯ ಯುದ್ಧರಂಗಕ್ಕೆ ಹೋದ. ಜುಲೈ 8ರ ರಾತ್ರಿ ಪಿಯಾವೆ ನದಿಯ ಬಳಿಯ ಫೊಸ್ಸಾಲ್ತಾದಲ್ಲಿ ಸೈನಿಕರಿಗೆ ಚಾಕೊಲೇಟು, ಸಿಗರೇಟು ಒಯ್ದಿದ್ದಾಗ ಶತ್ರುಪಾಳಯದ ಶೆಲ್ ಸಿಡಿದು ಇನ್ನೂರಕ್ಕೂ ಹೆಚ್ಚು ಚೂರುಗಳು ಕಾಲುಗಳನ್ನು ಹೊಕ್ಕವು. ಹತ್ತೊಂಬತ್ತು ತುಂಬಲು ಇನ್ನೂ ಎರಡು ವಾರ ಬಾಕಿಯಿತ್ತು. ಮಿಲಾನಿನ ಆಸ್ಪತ್ರೆಯಲ್ಲಿ ಒಲಿದ ದಾದಿ ಆಗ್ನೆಸ್, ಆತ ತಾಯ್ನಾಡಿಗೆ ಮರಳಿದ ಕೆಲವೇ ತಿಂಗಳಲ್ಲಿ ಪತ್ರ ಬರೆದು ಸಂಬಂಧ ಕಡಿದುಕೊಂಡಳು.

ಅದೇ 1919ರ ಬೇಸಿಗೆಯ ಕೊನೆಗೆ ಆತ ಇಬ್ಬರು ಗೆಳೆಯರೊಡನೆ ಮಿಶಿಗನ್‌ನ ಉತ್ತರ ಭಾಗದ ಸೀನಿ ಎಂಬಲ್ಲಿಗೆ ಹೋದ. ಮರದ ವ್ಯಾಪಾರದಿಂದ ಮೆರೆದು, ಕಾಡು ಬರಿದಾದ ಮೇಲೆ ಸೊರಗಿದ ಊರದು. ಪಕ್ಕದಲ್ಲೇ ಟ್ರೌಟ್ ಮೀನುಗಳ ಫಾಕ್ಸ್ ನದಿ.

ಹೊಸ ಹೊಳೆಗೆ ಇಳಿಯುವವನು ಮೊದಲು ನೀರನ್ನು ಓದಬೇಕು. ಟ್ರೌಟ್ ಸೆಳವಿಗೆ ಮುಖಮಾಡಿ ನಿಲ್ಲುವ ಮೀನು. ಆಹಾರ ತೇಲಿಬರುವ ಕಡೆಗೇ ಅದರ ಕಣ್ಣು. ಬಂಡೆಯ ಮರೆ, ನೀರು ಕೊರೆದ ದಡದ ಅಡಿ, ತಿರುವಿನ ಮಡು ಅದರ ನೆಲೆಗಳು. ಫ್ಲೈ ಫಿಶಿಂಗ್‌ನಲ್ಲಿ ಗಾಳಕ್ಕೆ ಕಟ್ಟಿದ ಗರಿಯ ಹುಳಕ್ಕೆ ತೂಕವೇ ಇರುವುದಿಲ್ಲ. ತೂಕವೆಲ್ಲ ದಾರದ್ದು, ಅದನ್ನು ಹಿಂದೆ ಮುಂದೆ ಬೀಸಿ ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಗಮನವೆಲ್ಲ ಇಲ್ಲಿಯೇ ನೆಟ್ಟಿರುವಾಗ ಬೇರೆ ನೆನಪುಗಳಿಗೆ ಎಡೆಯೆಲ್ಲಿ? ಒಂದು ವಾರದಲ್ಲಿ ಮೂವರೂ ಸೇರಿ ಇನ್ನೂರರಷ್ಟು ಮೀನು ಹಿಡಿದೆವೆಂದು ಆತ ಮಿತ್ರನೊಬ್ಬನಿಗೆ ಬರೆದ. ಗಾಳಗಾರರ ಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲ!

ಐದು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಕುಳಿತು ಆತ ಅದನ್ನೇ ಕಥೆಯಾಗಿಸಿದ. 1925ರಲ್ಲಿ ಪ್ರಕಟವಾದ 'ಬಿಗ್ ಟೂ-ಹಾರ್ಟೆಡ್ ರಿವರ್'ನ ನಾಯಕ ನಿಕ್ ಗೆಳೆಯರಿಲ್ಲದೆ ಒಬ್ಬನೇ ಹೋಗುತ್ತಾನೆ. ಗಾಳಕ್ಕೆ ಕಟ್ಟುವುದೂ ಗರಿಯ ಹುಳವನ್ನಲ್ಲ, ಜೀವಂತ ಮಿಡತೆಯನ್ನು. ಹೆಸರು ಮಾತ್ರ ಅದೇ ಸೀಮೆಯ ಇನ್ನೊಂದು ನದಿಯದು. ಡೇರೆ ಹೂಡುವುದು, ಕಾಫಿ ಕಾಸುವುದು, ಮೀನು ಹಿಡಿಯುವುದು ಬಿಟ್ಟರೆ ಕಥೆಯಲ್ಲಿ ಏನೂ ನಡೆಯುವುದಿಲ್ಲ. ಯುದ್ಧದ ಪ್ರಸ್ತಾಪವೂ ಇಲ್ಲ. ಆದರೂ ಸುಟ್ಟುಹೋದ ಊರನ್ನು ದಾಟಿ ಹೊಳೆ ಸೇರುವ ನಿಕ್, ಯುದ್ಧದಿಂದ ಮರಳಿದವನೆಂದು ಓದುಗನಿಗೆ ತಿಳಿದೇ ತಿಳಿಯುತ್ತದೆ. ಮುದುಕ ಮತ್ತು ಸಮುದ್ರದ ಕಥೆಗಿಂತ ಇದು ಒಂದು ತೂಕ ಹೆಚ್ಚೇ.

ಹೊಳೆಗಳು ಆತನಿಗಾಗಿ ಕಾದು ಕೂರಲಿಲ್ಲ. ಸ್ಪೇನಿನ ಇರಾತಿ ನದಿಯನ್ನು ಆತ ಬಹಳ ಮೆಚ್ಚಿದ್ದ. 1925ರಲ್ಲಿ ಮತ್ತೆ ಹೋದಾಗ ಮರ ಕಡಿಯುವವರು ಹೊಳೆಯನ್ನು ಹಾಳುಗೆಡವಿದ್ದರು. ಮರುವರ್ಷ ಹೊರಬಂದ 'ದ ಸನ್ ಆಲ್ಸೋ ರೈಸಸ್' ಕಾದಂಬರಿಯಲ್ಲಿ ಮಾತ್ರ ಇರಾತಿ ತಿಳಿಯಾಗಿಯೇ ಹರಿಯುತ್ತದೆ.

ಮೂವತ್ತರ ದಶಕದಲ್ಲಿ ವಯೋಮಿಂಗ್‌ನ ಹೊಳೆಗಳಲ್ಲಿ ಆತ ಮನಸಾರೆ ಗಾಳ ಬೀಸಿದ. 1940ರಲ್ಲಿ ಐಡಾಹೋಗೆ ಕಳುಹಿಸಿದ ಟ್ರಂಕೊಂದು ದಾರಿಯಲ್ಲೇ ಕಳೆದುಹೋಯಿತು. ವರ್ಷಗಳಿಂದ ಕೂಡಿಟ್ಟಿದ್ದ ಟ್ರೌಟ್ ಗಾಳದ ಸಾಮಗ್ರಿಯೆಲ್ಲ ಅದರಲ್ಲಿತ್ತು. ಆ ಬಳಿಕ ತಂದೆ ಹೊಳೆಗಿಳಿದದ್ದು ಅಪರೂಪವೆಂದು ಹಿರಿಯ ಮಗ ಜ್ಯಾಕ್ ಹೇಳಿದ್ದಾನೆ. ಹೊಳೆಯ ಹುಚ್ಚು ಮಗನಿಗೆ ಇಳಿದಿತ್ತು: 1944ರಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಪ್ಯಾರಾಚೂಟಿನಲ್ಲಿ ಧುಮುಕುವಾಗಲೂ ಆತ ಗಾಳದ ಕೋಲನ್ನು ಬಿಟ್ಟಿರಲಿಲ್ಲ.

1961ರ ಜುಲೈ 2ರಂದು ಐಡಾಹೋದ ಕೆಚಮ್‌ನಲ್ಲಿ ಹೆಮಿಂಗ್ವೇ ತನ್ನ ಬದುಕನ್ನು ತಾನೇ ಮುಗಿಸಿಕೊಂಡ. ಊರಾಚೆ ಟ್ರೇಲ್ ಕ್ರೀಕ್ ಎಂಬ ತೊರೆಯ ಪಕ್ಕದಲ್ಲಿ 1966ರಲ್ಲಿ ಆತನ ಸ್ಮಾರಕವನ್ನು ನಿಲ್ಲಿಸಲಾಯಿತು.