ವಾಣೀವಿಲಾಸ ಸನ್ನಿಧಾನ

ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಗೆ ಹೆರಿಗೆಗೆಂದು ಬರುವ ತಾಯಂದಿರಲ್ಲಿ, ಆ ಹೆಸರನ್ನು ಹೊತ್ತಿದ್ದ ತಾಯಿಯನ್ನು ಬಲ್ಲವರು ವಿರಳ.

1866ರಲ್ಲಿ ಜನಿಸಿದ ಕೆಂಪನಂಜಮ್ಮಣ್ಣಿಯವರು ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಹಿಡಿದರು. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿಗೆ ತುತ್ತಾದರು. ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ಮಕ್ಕಳನ್ನು ಬೆಳೆಸುವ ಭಾರದೊಡನೆ ರಾಜ್ಯದ ಹೊಣೆಯೂ ಇಪ್ಪತ್ತೆಂಟರ ಆ ವಿಧವೆಯ ಹೆಗಲಿಗೇರಿತು.

1895ರಿಂದ ರಾಜಪ್ರತಿನಿಧಿಯಾಗಿ ಆಳಿದ ಅವರು 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವನ್ನಿಟ್ಟರು. ಮರುವರ್ಷವೇ ಪ್ಲೇಗು ಬೆಂಗಳೂರನ್ನು ನಡುಗಿಸಿತು. 1900ರಲ್ಲಿ ಆಸ್ಪತ್ರೆ ತೆರೆಯಿತು. 1902ರಲ್ಲಿ ಅಧಿಕಾರವನ್ನು ಮಗನಿಗೊಪ್ಪಿಸಿ ಅವರು ಹಿಂದೆ ಸರಿದರು.

ಆ ಮಗನ ಸರ್ಕಾರ 1930ರಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಮೇಲಿಂದ ಮೇಲೆ ಹೆತ್ತು ಬಳಲುವ ತಾಯಿಯ ದೇಹವೂ ರಾಜ್ಯದ ಕಾಳಜಿಗೆ ಸಲ್ಲತಕ್ಕದ್ದೆಂದು ಒಪ್ಪಿದಂತಾಯಿತು. 1935ರಲ್ಲಿ ವಿಕ್ಟೋರಿಯಾದ ಮಗ್ಗುಲಲ್ಲೇ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆ ತೆರೆಯಿತು. ಅದಕ್ಕೆ ಮಹಾರಾಣಿಯವರ ಹೆಸರನ್ನೇ ಇಟ್ಟರು.

ಅದನ್ನು ಕಾಣಲು ಅವರಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆದರೆ ಅರಮನೆಯ ಬಿರುದೊಂದು ಬಡ ಹೆಣ್ಣಿನ ಹೆರಿಗೆಮನೆಯ ಹೆಸರಾಗಿ ಇಂದಿಗೂ ಉಳಿದಿದೆ.