ಜಾರ್ಜ್ ಸೈಮನ್ ಓಮ್

ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಬೀಗಗಳನ್ನು ತಯಾರಿಸಿ ಜೀವಿಸುತ್ತಿದ್ದ ಕುಶಲಕರ್ಮಿಯೊಬ್ಬನಿದ್ದನು. ಸ್ವಂತ ಪರಿಶ್ರಮದಿಂದ ಗಣಿತವನ್ನೂ ಭೌತವಿಜ್ಞಾನವನ್ನೂ ಅರಿತು, ಮಕ್ಕಳಿಗೆ ತಾನೇ ಬೋಧಿಸಿದನು. 1789ರಲ್ಲಿ ಜನಿಸಿದ ಜಾರ್ಜ್ ಸೈಮನ್ ಓಮ್ ಈತನ ಮಗ. ವಿದ್ಯೆಯೊಡನೆ ಕೈಗೆಲಸದ ನೈಪುಣ್ಯವೂ ಮಗನಿಗೆ ತಂದೆಯಿಂದ ಬಂದಿತು.

1817ರಲ್ಲಿ ಓಮ್ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾದನು. ಅಲ್ಲಿನ ಪ್ರಯೋಗಶಾಲೆಯಲ್ಲಿ ತಂತಿಗಳ ಮೂಲಕ ಹರಿಯುವ ವಿದ್ಯುತ್ತನ್ನು ಅಳೆಯಲು ತೊಡಗಿದನು. ಆದರೆ ವೋಲ್ಟಾನ ಮಾದರಿಯ ವಿದ್ಯುತ್ಕೋಶಗಳು ಬಳಸುತ್ತಿದ್ದಂತೆಯೇ ದುರ್ಬಲವಾಗುತ್ತಿದ್ದವು. ಆಕರವೇ ಸ್ಥಿರವಲ್ಲದಿರುವಾಗ ಅಳತೆಯನ್ನು ನಂಬುವುದೆಂತು? 1825ರಲ್ಲಿ ಆತನು ಪ್ರಕಟಿಸಿದ ಮೊದಲ ಸೂತ್ರವು ಸರಿಯಾಗಿರಲಿಲ್ಲ. ಆಗ ಪೊಗೆನ್‌ಡೋರ್ಫ್ ಎಂಬ ವಿಜ್ಞಾನಿಯು ಉಷ್ಣವಿದ್ಯುತ್ತನ್ನು ಬಳಸುವಂತೆ ಸೂಚಿಸಿದನು. ಬಿಸ್ಮತ್ ಮತ್ತು ತಾಮ್ರಗಳ ಎರಡು ಸಂಧಿಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟರೆ ಏರುಪೇರಿಲ್ಲದ ಪ್ರವಾಹ ದೊರೆಯುತ್ತದೆ. 1826ರಲ್ಲಿ ಓಮ್ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದಮೇಲೊಂದರಂತೆ ಜೋಡಿಸಿ, ತೂಗಾಡುವ ಕಾಂತಸೂಜಿಯ ತಿರುಗುವಿಕೆಯಿಂದ ಪ್ರವಾಹವನ್ನು ಅಳೆದನು.

ತಂತಿ ಉದ್ದವಾದಷ್ಟೂ ಪ್ರವಾಹ ಕುಗ್ಗಿತು. ಆದರೆ ಉದ್ದದೊಡನೆ ಒಂದು ನಿಶ್ಚಿತ ಸಂಖ್ಯೆಯನ್ನು ಕೂಡಿಸಿದಾಗ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ಆ ಸಂಖ್ಯೆಯೇ ತಂತಿಯ ಹೊರಗೆ, ಆಕರವೂ ಸೇರಿದಂತೆ ಮಂಡಲದ ಉಳಿದ ಭಾಗದಲ್ಲಿರುವ ರೋಧ. ಸಂಧಿಗಳ ಉಷ್ಣತೆಯ ಅಂತರವನ್ನು ತಗ್ಗಿಸಿದಾಗ ಅದು ಬಹುಮಟ್ಟಿಗೆ ಹಾಗೆಯೇ ಉಳಿದು, ಸೂತ್ರದ ಇನ್ನೊಂದು ಪದವಷ್ಟೇ ಇಳಿಯಿತು. ಆ ಪದವೇ ವಿದ್ಯುಚ್ಚಾಲಕ ಬಲ. ಹೆಸರಿನಲ್ಲಿ ಬಲವೆಂದಿದ್ದರೂ ಇದು ನಿಜವಾಗಿ ಬಲವಲ್ಲ. ಏತವು ಬಾವಿಯ ನೀರನ್ನು ಮೇಲೆತ್ತುವಾಗ ಪ್ರತಿ ಕೊಡ ನೀರಿಗೂ ಇಷ್ಟು ಶಕ್ತಿಯೆಂದು ದೊರೆಯುವಂತೆ, ಆಕರವು ಪ್ರತಿಯೊಂದು ಏಕಮಾನ ವಿದ್ಯುದಂಶಕ್ಕೆ ಒದಗಿಸುವ ಶಕ್ತಿಯೇ ಅದು. ಪ್ರವಾಹ ಹರಿಯುವಾಗ ಅದರಲ್ಲಿ ಒಂದು ಭಾಗ ಆಕರದೊಳಗೇ ವ್ಯಯವಾಗುತ್ತದೆ. ಆದುದರಿಂದಲೇ ಹೆಚ್ಚು ಪ್ರವಾಹವನ್ನು ಸೆಳೆದಾಗ ಕೋಶದ ಧ್ರುವಗಳ ನಡುವಣ ವೋಲ್ಟೇಜು ಇಳಿಯುತ್ತದೆ.

1827ರಲ್ಲಿ ಬರ್ಲಿನ್ನಿನಲ್ಲಿ ಓಮ್‌ನ ಗ್ರಂಥ ಹೊರಬಂದಿತು. ವಿಶ್ವವಿದ್ಯಾನಿಲಯದ ಹುದ್ದೆಯೊಂದನ್ನು ಅದು ದೊರಕಿಸೀತೆಂದು ಆತನು ಆಶಿಸಿದ್ದನು. ಆದರೆ ಭೌತವಿಜ್ಞಾನದಲ್ಲಿ ಇಷ್ಟೊಂದು ಗಣಿತವು ಅಂದಿನ ಹಲವರಿಗೆ ರುಚಿಸಲಿಲ್ಲ. ಗ್ರಂಥಕ್ಕೆ ಉಪೇಕ್ಷೆಯೂ ಕಟುಟೀಕೆಯೂ ದೊರೆತವು. ನೊಂದ ಓಮ್ ಕಲೋನಿನ ಕೆಲಸವನ್ನು ತ್ಯಜಿಸಿ, ಅಲ್ಪ ವೇತನದ ಪಾಠಗಳಿಂದ ವರ್ಷಗಳನ್ನು ಕಳೆದನು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಸ್ಥಾನ ಲಭಿಸಿತು. ತಾಯ್ನಾಡಿಗಿಂತ ಮೊದಲೇ ಹೊರನಾಡು ಆತನನ್ನು ಗುರುತಿಸಿತೆನ್ನಬೇಕು: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲೆ ಪದಕವನ್ನಿತ್ತು ಗೌರವಿಸಿತು. ಬಯಸಿದ್ದ ಪ್ರಾಧ್ಯಾಪಕ ಪದವಿಯು ಮ್ಯೂನಿಕ್ಕಿನಲ್ಲಿ ದೊರೆತದ್ದು 1852ರಲ್ಲಿ, ಆತನ ಅರವತ್ತಮೂರನೆಯ ವಯಸ್ಸಿನಲ್ಲಿ. ಎರಡು ವರ್ಷಗಳ ಬಳಿಕ ಓಮ್ ನಿಧನನಾದನು.

1881ರಲ್ಲಿ ಪ್ಯಾರಿಸ್ ನಗರದಲ್ಲಿ ಕೂಡಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ವಿದ್ಯುಚ್ಚಾಲಕ ಬಲದ ಏಕಮಾನಕ್ಕೆ ವೋಲ್ಟ್ ಎಂದೂ, ರೋಧದ ಏಕಮಾನಕ್ಕೆ ಓಮ್ ಎಂದೂ ಹೆಸರನ್ನು ಅಂಗೀಕರಿಸಿತು.