ಊರಿನ ಕೊನೆ ಮನೆಗೇ ಮೊದಲು ಟಿವಿ: ಸಾರಾಭಾಯ್ ಕನಸು ಮತ್ತು ನಮ್ಮ ಉಚಿತ ಎಚ್‌ಡಿ

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಎರಡು ಥರದ ಟಿವಿ ಮನೆಗಳಿವೆ. ಒಂದು, ತಿಂಗಳು ತಿಂಗಳು ದುಡ್ಡು ಕಟ್ಟಿ ಕೇಬಲ್ಲೋ ಡಿಟಿಎಚ್ಚೋ ನೋಡುವ ಮನೆ. ಇನ್ನೊಂದು, ಒಂದೇ ಸಲ ಡಿಶ್ಶು, ಬಾಕ್ಸು ತಂದು ಹಾಕಿಕೊಂಡು ಆಮೇಲೆ ನಯಾಪೈಸೆ ಕೊಡದೆ ದೂರದರ್ಶನದ ಡಿಡಿ ಫ್ರೀ ಡಿಶ್ ನೋಡುವ ಮನೆ. ಈಗ ಅಂಗಡಿಯಲ್ಲಿ ಸಿಗೋದೆಲ್ಲ ಎಚ್‌ಡಿ ಟಿವಿಗಳೇ. ಆದರೆ ಟಿವಿ ಎಚ್‌ಡಿ ಆದರೆ ಸಾಲದು, ಬರುವ ಚಿತ್ರವೂ ಎಚ್‌ಡಿ ಆಗಿರಬೇಕಲ್ಲ? ಆ ಸ್ಪಷ್ಟ ಚಿತ್ರ ಯಾರಿಗೆ ಸಿಗಬೇಕು, ದುಡ್ಡು ಕಟ್ಟಿದವರಿಗೆ ಮಾತ್ರವಾ ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ವಿಕ್ರಂ ಸಾರಾಭಾಯ್.

ನಾನು ಅರಸೀಕೆರೆ ಸೀಮೆಯವನು. ನಮ್ಮ ಕಡೆ ಸಾರಾಭಾಯ್ ಅಂದರೆ ರಾಕೆಟ್, ಇಸ್ರೋ, ಪಠ್ಯಪುಸ್ತಕದಲ್ಲಿನ ಒಂದು ಫೋಟೋ. ಅವರು ಟಿವಿ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ದೊಡ್ಡ ಗಿರಣಿ ಮಾಲೀಕರ ಮನೆಯಲ್ಲಿ. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ಮಕ್ಕಳ ಓದಿಗೆ ಮನೆಯಲ್ಲೇ ಶಾಲೆ ನಡೆಯುತ್ತಿತ್ತು. ಗಾಂಧಿ, ಟ್ಯಾಗೋರ್ ಅಂಥವರ ಒಡನಾಟವಿದ್ದ ಮನೆತನ. ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಜೈಲು ಕಂಡವರು. ದುಡ್ಡಿಗೇನೂ ಕೊರತೆ ಇರಲಿಲ್ಲ. ಕೇಂಬ್ರಿಜ್‌ಗೆ ಹೋಗಿ ವಿಜ್ಞಾನ ಓದಿ, 1940ರಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು, ಊರಿಗೆ ವಾಪಸ್ಸಾದರು.

ಅವರ ಬದುಕಿನಲ್ಲಿ ಕರ್ನಾಟಕ ಬರೋದು ಇಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದರು. ಹೋಮಿ ಭಾಭಾ ಕೂಡ ಯುದ್ಧದ ಕಾರಣಕ್ಕೆ ಆಗ ಅಲ್ಲೇ ಇದ್ದರು. ನೃತ್ಯಗಾರ್ತಿ ಮೃಣಾಲಿನಿಯವರ ಪರಿಚಯ ಆಗಿದ್ದೂ ಬೆಂಗಳೂರಲ್ಲೇ, 1942ರಲ್ಲಿ ಮದುವೆ. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಪಿಎಚ್‌ಡಿ ಮುಗಿಸಿದರು. ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಜವಳಿ ಸಂಶೋಧನಾ ಸಂಸ್ಥೆ, 1961ರಲ್ಲಿ ಐಐಎಂ ಹೀಗೆ ಒಂದರ ಹಿಂದೊಂದು ಸಂಸ್ಥೆ ಕಟ್ಟುತ್ತಲೇ ಹೋದರು.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ಆಯ್ತು, ಸಾರಾಭಾಯ್ ಅದರ ಮುಖ್ಯಸ್ಥರಾದರು. 1963ರ ನವೆಂಬರ್ 21ರಂದು ಕೇರಳದ ತುಂಬಾ ಅನ್ನೋ ಮೀನುಗಾರರ ಊರಿಂದ ಮೊದಲ ರಾಕೆಟ್ ಹಾರಿತು. ಅಲ್ಲಿನ ಚರ್ಚ್ ಕಟ್ಟಡವೇ ಕಚೇರಿ. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲದ ದೇಶಕ್ಕೆ ಬಾಹ್ಯಾಕಾಶ ಯಾಕೆ ಅಂತ ಆಗ ಕೇಳುವವರಿದ್ದರು. ಚಂದ್ರನ ಓಟದಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿಗೆ ಇಳಿಯೋದು ಅವರ ಉದ್ದೇಶವಾಗಿರಲಿಲ್ಲ. ಜನರ ದಿನದ ಕಷ್ಟಕ್ಕೆ ಹೊಸ ತಂತ್ರಜ್ಞಾನ ಒದಗಬೇಕು ಅನ್ನೋದಷ್ಟೇ ಅವರ ವಾದ. ಆ ವಾದದ ನಡುಮಧ್ಯೆ ಇದ್ದದ್ದೇ ಟಿವಿ.

ದೇಶದಲ್ಲಿ ಟಿವಿ ಶುರುವಾಗಿದ್ದು 1959ರಲ್ಲಿ, ದೆಹಲಿಯಲ್ಲಿ. ಎರಡನೇ ನಗರ ಮುಂಬೈಗೆ ಅದು ಬರೋಕೆ 1972 ಆಗಬೇಕಾಯ್ತು. ಒಂದೊಂದೇ ಟವರ್ ನಿಲ್ಲಿಸ್ತಾ ಹೋದರೆ ಮೊದಲು ಮಹಾನಗರ, ಆಮೇಲೆ ಜಿಲ್ಲಾ ಕೇಂದ್ರ, ಹಳ್ಳಿಗೆ ಕೊಟ್ಟಕೊನೆಗೆ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತೆ. ಉಪಗ್ರಹಕ್ಕೆ ಈ ಮೇಲುಕೀಳು ಗೊತ್ತಿಲ್ಲ. ಮೇಲಿಂದ ಬೀಳುವ ಸಿಗ್ನಲ್ ದೆಹಲಿಗೂ ಒಂದೇ, ರಾಯಚೂರಿನ ಕುಗ್ರಾಮಕ್ಕೂ ಒಂದೇ. ಸಾರಾಭಾಯ್ ಇದನ್ನೇ ಹಿಡಿದು ಕೂತರು. 1967ರಲ್ಲಿ ದೆಹಲಿ ಸುತ್ತಲಿನ 80 ಹಳ್ಳಿಗಳಿಗೆ ರೈತರ ಕಾರ್ಯಕ್ರಮ ಕೃಷಿ ದರ್ಶನ ಶುರುವಾಗುವುದರ ಹಿಂದೆ ಅವರ ಒತ್ತಾಸೆ ಇತ್ತು. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದ ಆಯ್ತು: ಅವರ ಉಪಗ್ರಹ, ನಮ್ಮ ಕಾರ್ಯಕ್ರಮ, ನಮ್ಮ ಹಳ್ಳಿಗಳು.

ಅದನ್ನು ಕಣ್ಣಾರೆ ನೋಡುವ ಭಾಗ್ಯ ಅವರಿಗಿರಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತಂಗಿದ್ದಾಗ ತೀರಿಕೊಂಡರು. ವಯಸ್ಸು ಬರೀ 52.

1975ರ ಆಗಸ್ಟ್ 1ರಿಂದ ಒಂದು ವರ್ಷ ಆ ಪ್ರಯೋಗ ನಡೆಯಿತು. ಸೈಟ್ ಅಂತ ಅದರ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಹತ್ತಡಿ ಅಗಲದ, ಕೋಳಿಗೂಡಿನ ಜಾಲರಿಯಲ್ಲಿ ಮಾಡಿದ ಆಂಟೆನಾ. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನ ಎಲ್ಲರಿಗೆ. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಹಳ್ಳಿಯವರು ಕನ್ನಡದಲ್ಲಿ ಟಿವಿ ನೋಡಿದ್ದರು! ಹಿಂದುಳಿದವರಿಗೇ ಮೊದಲ ಪಾಲು ಅನ್ನೋದು ನಮ್ಮ ರಾಜ್ಯದಲ್ಲಿ ಹೀಗೆ ಅಕ್ಷರಶಃ ನಡೆದದ್ದು ಬಲು ಅಪರೂಪ. ಆದರೆ ವರ್ಷ ತುಂಬಿದ ಕೂಡಲೇ ಅಮೆರಿಕ ಉಪಗ್ರಹವನ್ನು ವಾಪಸ್ ಸರಿಸಿಕೊಂಡಿತು. ಬಹುತೇಕ ಹಳ್ಳಿಗಳ ಪರದೆ ಮತ್ತೆ ಕಪ್ಪಾಯ್ತು. ಬೇರೆಯವರ ಉಪಗ್ರಹ ನಂಬಿಕೊಂಡರೆ ಆಗೋದೇ ಹೀಗೆ.

ಮುಂದೆ ಇನ್ಸಾಟ್ ಉಪಗ್ರಹಗಳು ಬಂದವು. ಅವನ್ನು ನೆಲದಿಂದ ಕಾಯೋಕೆ 1982ರಲ್ಲಿ ನಿಯಂತ್ರಣ ಕೇಂದ್ರ ಶುರುವಾಗಿದ್ದು ನಮ್ಮ ಹಾಸನದಲ್ಲಿ. ಅರಸೀಕೆರೆಯಿಂದಲೋ ಬೇಲೂರಿಂದಲೋ ಬಸ್ ಹತ್ತಿದರೆ ಒಂದು ಗಂಟೆ ಚಿಲ್ಲರೆ ದಾರಿ. ಇವತ್ತು ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ, ಸುಮಾರು 36,000 ಕಿಲೋಮೀಟರ್ ಮೇಲೆ. ಕಾರ್ಯಕ್ರಮ ಹಾಸನದಿಂದ ಹೋಗಲ್ಲ, ನಿಜ. ಆದರೆ ಆ ಉಪಗ್ರಹ ಜಾಗ ಬಿಟ್ಟು ಕದಲದ ಹಾಗೆ ನೋಡಿಕೊಳ್ಳೋದು ಇಸ್ರೋದ ಇದೇ ವ್ಯವಸ್ಥೆ. ಅಂದಮೇಲೆ ಈ ನೆಲದವರು ಉಚಿತ ಸಿಗ್ನಲ್‌ನ ಗುಣಮಟ್ಟದ ಬಗ್ಗೆ ಕೇಳಿದರೆ ಅದು ಅಧಿಕಪ್ರಸಂಗ ಅಲ್ಲ.

ಕೇಳಬೇಕಾದ್ದು ಏನು? ಡಿಡಿ ಫ್ರೀ ಡಿಶ್ ಶುರುವಾಗಿದ್ದು 2004ರ ಡಿಸೆಂಬರ್‌ನಲ್ಲಿ, ಡಿಡಿ ಡೈರೆಕ್ಟ್ ಪ್ಲಸ್ ಹೆಸರಲ್ಲಿ. ಇವತ್ತು ಅಂದಾಜು ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ಟವರ್‌ನಿಂದ ಬರುತ್ತಿದ್ದ ಹಳೇ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುತೇಕ ಕಡೆ ನಿಂತಿದೆ, ಹಾಗಾಗಿ ಬಡವರ ಟಿವಿ ಅಂದರೆ ಇದೊಂದೇ. ಇದರಲ್ಲಿ ಎಚ್‌ಡಿ ಬರುತ್ತೆ, ಆದರೆ ದೂರದರ್ಶನದ ಬೆರಳೆಣಿಕೆಯ ವಾಹಿನಿಗಳು ಮಾತ್ರ. ಅದಕ್ಕೂ ಎಂಪೆಗ್-4 ಬಾಕ್ಸ್ ಬೇಕು. ಹಳೇ ಎಂಪೆಗ್-2 ಬಾಕ್ಸ್ ಇರುವ ಮನೆಯಲ್ಲಿ ಅವು ಕಾಣಲ್ಲ. ಖಾಸಗಿ ವಾಹಿನಿಗಳಿಗೆ ಜಾಗ ಹಂಚೋದು ಹರಾಜಿನಲ್ಲಿ, ಹಾಗಾಗಿ ಹಿಂದಿಯದ್ದೇ ಮೇಲುಗೈ. ಅತ್ತ ದುಡ್ಡು ಕಟ್ಟುವವರ ಲೋಕದಲ್ಲಿ 2017ರ ಟ್ರಾಯ್ ನಿಯಮ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾಮಾನ್ಯ ವಾಹಿನಿಗೆ ಸಮ ಅಂತ ಎಣಿಸಿತು. ಸ್ಪಷ್ಟತೆಗೆ ಬೇರೆಯೇ ಬೆಲೆ.

ಕೆಲವರು ಹೇಳಬಹುದು, ಪುಕ್ಕಟೆ ಸಿಗೋದಕ್ಕೆ ಎಚ್‌ಡಿ ಬೇರೆ ಕೇಡು ಅಂತ. ಲೆಕ್ಕ ನೋಡಿ. ಸಾಮಾನ್ಯ ಚಿತ್ರದಲ್ಲಿ 720 ಗುಣಿಸು 576 ಚುಕ್ಕಿಗಳು. ಪೂರ್ಣ ಎಚ್‌ಡಿಯಲ್ಲಿ 1920 ಗುಣಿಸು 1080, ಅಂದರೆ ಸರಿಯಾಗಿ ಐದು ಪಟ್ಟು. ತೆಂಗಿನ ಗರಿಯ ಮೇಲಿನ ರೋಗದ ಮಚ್ಚೆ ಎಂಥದ್ದು ಅಂತ ತೋರಿಸುವ ಕೃಷಿ ಕಾರ್ಯಕ್ರಮದಲ್ಲಿ, ಮಳೆಯ ನಕ್ಷೆಯಲ್ಲಿ, ಕೊಬ್ಬರಿ ದರದ ಸಣ್ಣ ಅಕ್ಷರದಲ್ಲಿ ಈ ಐದು ಪಟ್ಟು ಶೋಕಿ ಅಲ್ಲ, ಮಾಹಿತಿ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಳಪದ ಕಲ್ಲಿನ ಆ ಕುಸುರಿಯನ್ನು ಬೀದರಿನ ಸರ್ಕಾರಿ ಶಾಲೆಯ ಮಗು ಟಿವಿಯಲ್ಲಿ ನೋಡಿದರೆ ಕಾಣಬೇಕಾದ್ದು ಕುಸುರಿ, ಕಲೆಸಿಹೋದ ಬೂದು ಬಣ್ಣ ಅಲ್ಲ.

ಸಾರಾಭಾಯ್ ಹಳ್ಳಿಗೆ ಎರಡನೇ ದರ್ಜೆಯ ತಂತ್ರಜ್ಞಾನ ಸಾಕು ಅಂದುಕೊಂಡವರಲ್ಲ. ಆ ಕಾಲದ ಅತ್ಯಾಧುನಿಕ ಉಪಗ್ರಹವನ್ನೇ ಕರೆಂಟಿಲ್ಲದ ಊರಿಗೂ ಮುಟ್ಟಿಸುವ ಯೋಜನೆ ಹಾಕಿದವರು. ಆ ದಾರಿಯಲ್ಲಿ ನಡೆಯೋದಾದರೆ ಚಂದನವೂ ಸೇರಿ ಪ್ರತಿ ಭಾಷೆಯ ಸಾರ್ವಜನಿಕ ವಾಹಿನಿ, ಸಂಸತ್ತು, ಪಾಠ, ಕೃಷಿ, ಹವಾಮಾನ ಎಲ್ಲವೂ ಉಚಿತ ಎಚ್‌ಡಿಯಲ್ಲಿ ಸಿಗಲೇಬೇಕು. ಹಳೇ ಬಾಕ್ಸ್ ಬದಲಿಸಿಕೊಳ್ಳೋಕೆ ಆಗದ ಮನೆಗಳಿಗೆ ಸರ್ಕಾರ ನೆರವು ಕೊಡಬೇಕು. ಸಿಗ್ನಲ್ ಎಲ್ಲರ ತಲೆ ಮೇಲೂ ಒಂದೇ ಥರ ಬೀಳುತ್ತಿದೆ. ಅದನ್ನು ಸ್ಪಷ್ಟವಾಗಿ ನೋಡುವ ಹಕ್ಕು ಮಾತ್ರ ಜೇಬು ನೋಡಿ ಹಂಚಿಕೆಯಾಗಬಾರದು.